ಫ್ರಾಟರ್ನಿಟಿ ಸೇರಬೇಕಾ ಬೇಡವಾ? ಸೇರುವುದಾದರೆ ಯಾವುದಕ್ಕೆ?

ಅಮೆರಿಕದ ಕಾಲೇಜಿಗೆ ಬ್ಯಾಚುಲರ್ ಡಿಗ್ರಿ ಓದಲು ಹೋದವರಿಗೆ ಈ ಪ್ರಶ್ನೆ ಬಹಳ ಬೇಗ ಎದುರಾಗುತ್ತದೆ. ಫ್ರಾಟರ್ನಿಟಿ ಅಂದರೆ ಗ್ರೀಕ್ ಅಕ್ಷರಗಳ ಹೆಸರಿಟ್ಟುಕೊಂಡ, ಹೆಚ್ಚಾಗಿ ಹುಡುಗರದ್ದೇ ಆದ, ಕಾಲೇಜು ವಿದ್ಯಾರ್ಥಿಗಳ ಸಂಘ. ಯಾವ ಕ್ಲಾಸು ಯಾವ ಬಿಲ್ಡಿಂಗಿನಲ್ಲಿ ಅಂತ ಇನ್ನೂ ಸರಿಯಾಗಿ ಗೊತ್ತಿರುವುದಿಲ್ಲ. ಅಷ್ಟರಲ್ಲೇ ಲೈಬ್ರರಿ ಮುಂದೆ ಮೇಜು ಹಾಕಿಕೊಂಡು, ಗ್ರೀಕ್ ಅಕ್ಷರದ ಟೀಶರ್ಟ್ ತೊಟ್ಟ ಹುಡುಗರು ಕೈಕುಲುಕಿ, ಹೆಸರು ಕೇಳಿ, ಫೋನ್ ನಂಬರ್ ತಗೊಂಡು, "ಗುರುವಾರ ನಮ್ಮ ಮನೆಗೆ ಬಾ, ಊಟ ಇದೆ" ಅನ್ನುತ್ತಾರೆ. ಇದೇ ರಷ್. ಇಷ್ಟವಾದರೆ ಅವರು ಬಿಡ್ ಕೊಡುತ್ತಾರೆ, ಅಂದರೆ ಸೇರಿಕೋ ಅಂತ ಕರೆ. ಒಪ್ಪಿದರೆ ಕೆಲವು ವಾರ ನೀವು ಪ್ಲೆಡ್ಜ್. ಈಗ ಅದನ್ನು ನ್ಯೂ ಮೆಂಬರ್ ಅನ್ನುತ್ತಾರೆ. ಅದು ಮುಗಿದ ಮೇಲೆ ಇನಿಷಿಯೇಷನ್, ಆಮೇಲೆ ನೀವು ಬ್ರದರ್.

ಎಂ.ಎಸ್. ಮಾಡಲು ಹೋಗುವವರು ಇಲ್ಲಿಗೇ ಓದು ನಿಲ್ಲಿಸಬಹುದು. ಸೋಶಿಯಲ್ ಫ್ರಾಟರ್ನಿಟಿಗಳೆಲ್ಲ ಹೆಚ್ಚುಕಡಿಮೆ ಬ್ಯಾಚುಲರ್ ಓದುವವರಿಗೇ. ನಮ್ಮ ಕಡೆಯಿಂದ ಬರುವವರಲ್ಲಿ ಎಂ.ಎಸ್.ನವರೇ ಜಾಸ್ತಿ, ಹಾಗಾಗಿ ನಮ್ಮಲ್ಲಿ ಇದರ ಮಾತೇ ಕಡಿಮೆ. ಆದರೆ ಪಿಯುಸಿ ಮುಗಿಸಿ ನೇರವಾಗಿ ಬರುವವರು ಇದ್ದಾರೆ, ಇಲ್ಲೇ ಹುಟ್ಟಿ ಬೆಳೆದ ಕನ್ನಡದ ಮಕ್ಕಳಂತೂ ಬೇಕಾದಷ್ಟು ಇದ್ದಾರೆ. ಕನ್ನಡ ಕೂಟದ ಊಟದಲ್ಲಿ ಅಪ್ಪ ಅಮ್ಮಂದಿರು ಎಲೆ ಮುಂದೆ ಕೂತು ಮೆಲ್ಲಗೆ ಕೇಳುವುದು ಇದನ್ನೇ: "ಮಗ ಏನೋ ಫ್ರಾಟು ಅಂತಿದಾನೆ, ಅದು ಕುಡಿಯೋರ ಗುಂಪಂತೆ ಅಲ್ವಾ?" ಮಗನನ್ನು ಕೇಳಿದರೆ "ಅಂಕಲ್, ಅದು ನೆಟ್‌ವರ್ಕಿಂಗ್" ಅನ್ನುತ್ತಾನೆ. ಇಬ್ಬರದ್ದೂ ಸುಳ್ಳಲ್ಲ. ಇಬ್ಬರ ತಲೆಯಲ್ಲಿರುವುದು ಬೇರೆ ಬೇರೆ ಗುಂಪು.

ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ. ಫ್ರಾಟರ್ನಿಟಿ ಒಳ್ಳೆಯದಾ ಕೆಟ್ಟದ್ದಾ ಅಂತ ಕೇಳಿ ಪ್ರಯೋಜನ ಇಲ್ಲ. ಪಾರ್ಟಿ ನೋಡಿ ತೀರ್ಮಾನ ಮಾಡಬೇಡಿ, ಅವರ ಹಳೇ ಸದಸ್ಯರಲ್ಲಿ ಎಷ್ಟು ಜನ ಸೆನೆಟರ್ ಆದರು ಅಂತ ನೋಡಿಯೂ ಬೇಡ. ಬಿಡ್ ಒಪ್ಪಿದ ದಿನದಿಂದ ಇನಿಷಿಯೇಷನ್ ತನಕ ಇರುವ ಆ ಕೆಲವು ವಾರಗಳಲ್ಲಿ ಅವರು ಹೊಸಬರನ್ನು ಹೇಗೆ ನಡೆಸಿಕೊಳ್ಳುತ್ತಾರೆ ಅನ್ನುವುದೊಂದನ್ನು ತಿಳಿದುಕೊಳ್ಳಿ. ಮುಂದೆ ಹೇಳುವ ನಾಲ್ಕೂ ದಾರಿಗಳನ್ನು ಅದೇ ಒಂದು ಮಾತಿನಿಂದ ಅಳೆಯಬಹುದು.

ಅಕ್ಷರ ಗ್ರೀಕ್ ಆದರೆ ಎಲ್ಲವೂ ಒಂದೇ ಅಲ್ಲ

ಮೊದಲು ಒಂದು ಗೊಂದಲ ತೆಗೆದುಹಾಕೋಣ. ಫೈ ಬೀಟಾ ಕಪ್ಪಾ 1776ರಲ್ಲಿ ವಿಲಿಯಂ ಅಂಡ್ ಮೇರಿ ಕಾಲೇಜಿನಲ್ಲಿ ಶುರುವಾದದ್ದು. ಗ್ರೀಕ್ ಅಕ್ಷರದ ಈ ಪರಂಪರೆಯೇ ಅಲ್ಲಿಂದ. ಆದರೆ ಅದು ಈಗ ಚೆನ್ನಾಗಿ ಓದಿದವರನ್ನು ಗುರುತಿಸುವ ಹಾನರ್ ಸೊಸೈಟಿ. ಎಂಜಿನಿಯರಿಂಗ್‌ನವರಿಗೆ ಟೌ ಬೀಟಾ ಪೈ ಹಾಗೆಯೇ, 1885ರದ್ದು. ಇಂಥವರಿಂದ ಕರೆ ಬಂದರೆ ಯೋಚನೆಯೇ ಬೇಡ, ಸೇರಿ. ಮನೆ ಇಲ್ಲ, ಪಾರ್ಟಿ ಇಲ್ಲ, ರೆಸ್ಯೂಮೆಯಲ್ಲಿ ಒಂದು ಸಾಲು. ಸುಮ್ನೆ ದುಡ್ಡಿಗಾಗಿ ಎಲ್ಲರಿಗೂ ಮೇಲ್ ಕಳಿಸುವ ಹಾನರ್ ಸೊಸೈಟಿಗಳೂ ಇವೆ. ಅನುಮಾನ ಬಂದರೆ ಡಿಪಾರ್ಟ್‌ಮೆಂಟಿನಲ್ಲಿ ಕೇಳಿ.

ಇನ್ನು ನಿಜವಾದ ಆಯ್ಕೆಗಳು. ಒಂದು, ದೊಡ್ಡ ಮನೆ ಇರುವ ಹಳೇ ಸೋಶಿಯಲ್ ಫ್ರಾಟರ್ನಿಟಿ. ಎರಡು, ದಕ್ಷಿಣ ಏಷ್ಯಾದವರು ಕಟ್ಟಿಕೊಂಡ ಫ್ರಾಟರ್ನಿಟಿ. ಮೂರು, ಓದಿನ ವಿಷಯಕ್ಕೋ ಸೇವೆಗೋ ಅಂತ ಇರುವ ಪ್ರೊಫೆಷನಲ್ ಮತ್ತು ಸರ್ವಿಸ್ ಫ್ರಾಟರ್ನಿಟಿ. ನಾಲ್ಕು, ಇವು ಯಾವುದೂ ಬೇಡ, ಬೇರೆ ಕಡೆ ನನ್ನ ಜನ ಹುಡುಕಿಕೊಳ್ಳುತ್ತೇನೆ ಅನ್ನುವುದು.

ದೊಡ್ಡ ಮನೆಯವರು

ಸಿನಿಮಾಗಳಲ್ಲಿ ಕಾಣುವುದು ಇವರು. ಈ ಥರದ ಸೋಶಿಯಲ್ ಫ್ರಾಟರ್ನಿಟಿ 1825ರಲ್ಲಿ ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜಿನಲ್ಲಿ ಶುರುವಾಯಿತು, ಆಮೇಲೆ ಎಲ್ಲಾ ಕಡೆ ಹಬ್ಬಿತು. ಕ್ಯಾಂಪಸ್ಸಿನಲ್ಲಿ ಇವರೆಲ್ಲರ ಮೇಲೆ ಐಎಫ್‌ಸಿ ಅಂತ ಒಂದು ಕೌನ್ಸಿಲ್ ಇರುತ್ತದೆ. ಸಾಮಾನ್ಯವಾಗಿ ಸ್ವಂತ ಮನೆ ಇರುತ್ತದೆ, ಅಡುಗೆಯವರು ಇರುತ್ತಾರೆ, ಮುಂದೆ ಹುಲ್ಲುಹಾಸು, ಅದರ ಮೇಲೆ ಮಳೆಯಲ್ಲಿ ನೆಂದ ಒಂದು ಸೋಫಾ.

ಒಳ್ಳೆಯ ಮಾತು ಮೊದಲು. ಹಳ್ಳಿಯಂಥ ಊರಿನಲ್ಲಿ ದೊಡ್ಡ ಕಾಲೇಜು ಇದ್ದು, ನಲವತ್ತು ಸಾವಿರ ವಿದ್ಯಾರ್ಥಿಗಳ ಮಧ್ಯೆ ಯಾರೂ ನಿಮ್ಮನ್ನು ಹೆಸರು ಹಿಡಿದು ಕರೆಯದಿದ್ದಾಗ, ಐವತ್ತು ಅರವತ್ತು ಜನ ನಿಮ್ಮವರು ಅಂತ ಸಿಕ್ಕಿಬಿಡುವುದು ಸಣ್ಣ ವಿಷಯ ಅಲ್ಲ. ಒಬ್ಬ ಸೀನಿಯರ್ ನಿಮಗೆ ಬಿಗ್ ಆಗುತ್ತಾನೆ, ಅಂದರೆ ಅಣ್ಣ. ಯಾವ ಪ್ರೊಫೆಸರ್ ಹತ್ತಿರ ಕೆಮಿಸ್ಟ್ರಿ ತಗೋಬಾರದು, ಕಾರಿಲ್ಲದೆ ಏರ್‌ಪೋರ್ಟಿಗೆ ಹೋಗುವುದು ಹೇಗೆ, ಎಲ್ಲಾ ಅವನೇ ಹೇಳಿಕೊಡುತ್ತಾನೆ. ಕೆಲವು ಕಡೆ ಆ ಮನೆಯ ಬಾಡಿಗೆ ಡಾರ್ಮ್‌ಗಿಂತ ಕಡಿಮೆ ಬೀಳುತ್ತದೆ. ಸಸ್ಯಾಹಾರಿಗಳು ಮಾತ್ರ ವಾರದ ಮೆನು ಕೇಳಿ ನೋಡಿ, ಎಷ್ಟೋ ಮನೆಗಳಲ್ಲಿ ಚೀಸ್ ಹಾಕಿದ ಪಾಸ್ತಾ ಮತ್ತು ಸೊಪ್ಪಿನ ಸಲಾಡಿನಲ್ಲೇ ನಿಮ್ಮ ಊಟ ಮುಗಿಯುತ್ತದೆ.

ಮುಖ್ಯವಾದ ತೊಂದರೆ ಕುಡಿತ. ಅಮೆರಿಕದಲ್ಲಿ ಕುಡಿಯಲು 21 ಆಗಿರಬೇಕು. ಕಾಲೇಜಿನ ಮೊದಲ ಎರಡು ಮೂರು ವರ್ಷ ಹೆಚ್ಚಿನವರಿಗೆ ಅಷ್ಟು ವಯಸ್ಸಾಗಿರುವುದಿಲ್ಲ. ಬಾರಿಗೆ ಹೋಗಲು ಆಗದ ಹುಡುಗರಿಗೆ ಕುಡಿಯಲು ಸಿಗುವ ಜಾಗ ಈ ಮನೆಗಳ ಬೇಸ್‌ಮೆಂಟು. ಹಾಗಂತ ಎಲ್ಲಾ ಮನೆಯೂ ಹಾಗೇ ಅಂದರೆ ತಪ್ಪಾಗುತ್ತದೆ. ಫೈ ಡೆಲ್ಟಾ ಥೀಟಾ ತನ್ನ ಮನೆಗಳಲ್ಲಿ 2000ದಿಂದಲೇ ಮದ್ಯ ಬೇಡ ಅಂದಿದೆ. ಫ್ರಾಟರ್ನಿಟಿಗಳ ದೊಡ್ಡ ಒಕ್ಕೂಟ 2019ರಲ್ಲಿ ಗಟ್ಟಿ ಮದ್ಯವನ್ನು ಮನೆಗಳಿಂದ ಹೊರಗಿಡುವ ನಿಯಮ ತಂದಿತು. ನಿಯಮ ಇದೆ, ನಡೆಯುತ್ತದಾ ಅನ್ನುವುದು ಬೇರೆ. ಅದಕ್ಕೆ ಆಮೇಲೆ ಬರುತ್ತೇನೆ.

ನಮ್ಮವರದ್ದೇ ಫ್ರಾಟರ್ನಿಟಿ

ಹಳೇ ಫ್ರಾಟರ್ನಿಟಿಗಳು ಬಹಳ ಕಾಲ ಬಿಳಿಯ ಕ್ರೈಸ್ತ ಹುಡುಗರಿಗೆ ಮಾತ್ರ ಅನ್ನುವ ಹಾಗಿದ್ದವು, ಕೆಲವದರಲ್ಲಿ ಅದು ಬರವಣಿಗೆಯಲ್ಲೇ ಇತ್ತು. ಬಾಗಿಲು ಮುಚ್ಚಿದಾಗ ಹೊರಗಿದ್ದವರು ತಮ್ಮದೇ ಕಟ್ಟಿಕೊಂಡರು. ಯಹೂದಿ ಹುಡುಗರ ಜೀಟಾ ಬೀಟಾ ಟೌ 1898ರದ್ದು. ಕರಿಯ ವಿದ್ಯಾರ್ಥಿಗಳ ಆಲ್ಫಾ ಫೈ ಆಲ್ಫಾ 1906ರಲ್ಲಿ ಕಾರ್ನೆಲ್‌ನಲ್ಲಿ ಶುರುವಾಯಿತು, ಮುಂದೆ ಮಾರ್ಟಿನ್ ಲೂಥರ್ ಕಿಂಗ್ ಅದರ ಸದಸ್ಯರಾದರು. ನಮ್ಮ ಕಡೆ ರಾಜ್ಯ ಒಕ್ಕಲಿಗರ ಸಂಘ ಹುಟ್ಟಿದ್ದೂ ಅದೇ 1906ರಲ್ಲಿ. ಬೆಂಗಳೂರು ಮೈಸೂರಿನ ಸಮುದಾಯದ ಹಾಸ್ಟೆಲ್‌ಗಳಲ್ಲಿ ಇದ್ದು ಓದಿದವರಿಗೆ, ಊರು ಬಿಟ್ಟು ಬಂದ ಹುಡುಗನಿಗೆ ಇರಲು ಜಾಗ, ಗೊತ್ತಿರುವ ಭಾಷೆ, ಮುಂದೆ ಕೆಲಸಕ್ಕೆ ಒಂದು ಪರಿಚಯ ಅನ್ನುವ ಲೆಕ್ಕ ವಿವರಿಸುವುದೇ ಬೇಡ.

ದಕ್ಷಿಣ ಏಷ್ಯಾದವರ ಸರದಿ 1990ರ ದಶಕದಲ್ಲಿ ಬಂತು. ಬಿಂಗ್‌ಹ್ಯಾಮ್ಟನ್‌ನಲ್ಲಿ 1994ರಲ್ಲಿ ಐಯೋಟಾ ನೂ ಡೆಲ್ಟಾ, ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಲ್ಲಿ 1996ರಲ್ಲಿ ಸಿಗ್ಮಾ ಬೀಟಾ ರೋ, ಆಸ್ಟಿನ್‌ನಲ್ಲಿ 1998ರಲ್ಲಿ ಡೆಲ್ಟಾ ಎಪ್ಸಿಲಾನ್ ಸೈ, ಯುಸಿಎಲ್‌ಎಯಲ್ಲಿ 1999ರಲ್ಲಿ ಬೀಟಾ ಕೈ ಥೀಟಾ. ಹುಡುಗಿಯರಿಗೆ ಡೆಲ್ಟಾ ಫೈ ಒಮೇಗಾ, ಕಪ್ಪಾ ಫೈ ಗಾಮಾ, ಸಿಗ್ಮಾ ಸಿಗ್ಮಾ ರೋ, ಮೂರೂ 1998ರವು. ಹೆಸರುಗಳು ಒಂದರ ಹಾಗೆ ಒಂದು ಕೇಳಿಸುತ್ತವೆ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ.

ಇವರಿಗೆ ದೊಡ್ಡ ಮನೆ ಇರುವುದು ಅಪರೂಪ. ಗುಂಪು ಚಿಕ್ಕದು, ಹದಿನೈದು ಇಪ್ಪತ್ತು ಜನ ಇದ್ದರೆ ಅದೇ ಹೆಚ್ಚು. ಖರ್ಚೂ ಕಡಿಮೆ. ದೀಪಾವಳಿ, ಹೋಳಿ, ಗರ್ಬಾ ಇವರೇ ಮಾಡುವುದು. ಆದರೆ ಬೆಂಗಳೂರಿನಿಂದ ನೇರ ಹೋದವರಿಗೆ ಒಂದು ಎಚ್ಚರಿಕೆ: ಇಲ್ಲಿನ ಹೆಚ್ಚಿನವರು ಅಮೆರಿಕದಲ್ಲೇ ಬೆಳೆದ ಮಕ್ಕಳು. ಅವರ ಮನೆಯಲ್ಲಿ ಗುಜರಾತಿಯೋ ತೆಲುಗೋ ಇರುತ್ತದೆ, ಗುಂಪಿನಲ್ಲಿ ಇಂಗ್ಲಿಷ್, ಹಾಡು ಮಾತ್ರ ಹಿಂದಿ. ಅವರಿಗೆ ಭಾರತ ಅಂದರೆ ಅಜ್ಜಿ ಮನೆ. ನಿಮಗೆ ಅದು ನಿನ್ನೆ ಬಿಟ್ಟು ಬಂದ ಊರು. ಮನೆ ನೆನಪಿಗೆ ಮದ್ದು ಸಿಗುತ್ತದೆ ಅಂತ ಹೋದರೆ ಮೊದಲ ತಿಂಗಳು ಪರಕೀಯರ ಥರ ಅನಿಸಬಹುದು. ಇಲ್ಲಿ ಬೆಳೆದ ಮಕ್ಕಳಿಗೆ ಮಾತ್ರ ಇದರ ಲಾಭ ನಿಜವಾಗಿಯೂ ದೊಡ್ಡದು. ಹೈಸ್ಕೂಲಿನಲ್ಲಿ ಡಬ್ಬಿ ತೆಗೆಯಲು ಮುಜುಗರ ಪಟ್ಟ ಹುಡುಗ ಇಲ್ಲಿ ಬಂದು ಮೊದಲ ಸಲ ತನ್ನಂಥವರನ್ನು ನೋಡುತ್ತಾನೆ.

ನನ್ನ ಅಕ್ಕನ ಮಗ ಇಂಥದ್ದೊಂದಕ್ಕೆ ಸೇರಿದ. ಅವನ ಪ್ರೊಬೇಟ್, ಅಂದರೆ ಹೊಸ ಸದಸ್ಯರನ್ನು ಎಲ್ಲರ ಮುಂದೆ ತೋರಿಸುವ ಕಾರ್ಯಕ್ರಮ, ನೋಡಲು ಹೋಗಿದ್ದೆವು. ಸ್ಟೂಡೆಂಟ್ ಯೂನಿಯನ್ನಿನ ಅಂಗಳದಲ್ಲಿ ರಾತ್ರಿ ಏಳು ಹುಡುಗರು ಒಬ್ಬರ ಹಿಂದೆ ಒಬ್ಬರು ಅಂಟಿಕೊಂಡ ಹಾಗೆ ನಿಂತಿದ್ದರು. ಎಲ್ಲರಿಗೂ ಕಪ್ಪು ಪ್ಯಾಂಟು, ಮುಖಕ್ಕೆ ಮುಖವಾಡ. ಒಂದೇ ದನಿಯಲ್ಲಿ ಗ್ರೀಕ್ ಅಕ್ಷರಮಾಲೆ, ಸ್ಥಾಪಕರ ಹೆಸರು, ಚಾಪ್ಟರ್ (ಆ ಕಾಲೇಜಿನ ಶಾಖೆ) ಶುರುವಾದ ದಿನ, ಎಲ್ಲಾ ಗಂಟಲು ಹರಿಯುವ ಹಾಗೆ ಕೂಗಿದರು. ಈ ಪದ್ಧತಿ ಕರಿಯರ ಫ್ರಾಟರ್ನಿಟಿಗಳಿಂದ ಬಂದದ್ದು. ಒಬ್ಬೊಬ್ಬರಾಗಿ ಮುಖವಾಡ ತೆಗೆದಾಗ ಅಮ್ಮಂದಿರು ಫೋನಿನಲ್ಲಿ ವಿಡಿಯೋ ಮಾಡುತ್ತಾ ಚಪ್ಪಾಳೆ ಹೊಡೆಯಲು ಕೈ ಸಾಲದೆ ಒದ್ದಾಡಿದರು. ಅಕ್ಕ ನನ್ನ ಕಿವಿಯಲ್ಲಿ, "ಇವನು ಉಪನಯನದಲ್ಲಿ ಗಾಯತ್ರಿ ಹೇಳೋಕೆ ಎಷ್ಟು ಗೋಳಾಡಿದ್ದ ಗೊತ್ತಾ?" ಅಂದಳು. ಹುಡುಗನ ಮುಖದಲ್ಲಿ ಸಂತೋಷ ಇತ್ತು. ಅದರ ಜೊತೆಗೆ ಕಣ್ಣಿನ ಕೆಳಗೆ ಕಪ್ಪು. ಸೆಮಿಸ್ಟರಿನ ಮಧ್ಯೆ ಎಷ್ಟೋ ರಾತ್ರಿ ನಿದ್ದೆ ಬಿಟ್ಟಿದ್ದ, ಕ್ಯಾಲ್ಕುಲಸ್‌ನಲ್ಲಿ ಸಿ ಬಂತು.

ಪ್ರೊಫೆಷನಲ್, ಸರ್ವಿಸ್

ಬಿಸಿನೆಸ್‌ಗೆ ಆಲ್ಫಾ ಕಪ್ಪಾ ಸೈ ಮತ್ತು ಡೆಲ್ಟಾ ಸಿಗ್ಮಾ ಪೈ, ಎರಡೂ ನ್ಯೂಯಾರ್ಕ್ ವಿಶ್ವವಿದ್ಯಾಲಯದಲ್ಲಿ 1904 ಮತ್ತು 1907ರಲ್ಲಿ ಹುಟ್ಟಿದವು. ಎಂಜಿನಿಯರಿಂಗ್‌ಗೆ ಥೀಟಾ ಟೌ, 1904. ಸೇವೆಗೆ ಆಲ್ಫಾ ಫೈ ಒಮೇಗಾ, 1925. ಹುಡುಗ ಹುಡುಗಿ ಇಬ್ಬರೂ ಇರುತ್ತಾರೆ. ಸಾಮಾನ್ಯವಾಗಿ ಮನೆ ಇಲ್ಲ, ಅಂದರೆ ಬೇಸ್‌ಮೆಂಟೂ ಇಲ್ಲ. ಮಾಕ್ ಇಂಟರ್‌ವ್ಯೂ, ರೆಸ್ಯೂಮೆ ತಿದ್ದುವುದು, ಹಿಂದಿನ ವರ್ಷ ಅದೇ ಕಂಪನಿಯಲ್ಲಿ ಇಂಟರ್ನ್ ಆದವನ ಜೊತೆ ಕಾಫಿ. ಬೇಕಾದರೆ ಇದರ ಜೊತೆಗೆ ಸೋಶಿಯಲ್ ಫ್ರಾಟರ್ನಿಟಿಯಲ್ಲೂ ಇರಬಹುದು.

ಭಾರತದಿಂದ ನೇರ ಬಂದವರು ಯಾವುದಾದರೂ ಒಂದು ಸೇರಲೇಬೇಕು ಅಂತ ಹಟ ಹಿಡಿದರೆ ನಾನು ಕಣ್ಣು ಮುಚ್ಚಿ ಇದನ್ನು ಹೇಳುತ್ತೇನೆ. ಸರಿ, ಕಣ್ಣು ಪೂರ್ತಿ ಮುಚ್ಚುವುದು ಬೇಡ. ಕೆಲವು ಕ್ಯಾಂಪಸ್ಸುಗಳಲ್ಲಿ ಬಿಸಿನೆಸ್ ಫ್ರಾಟರ್ನಿಟಿಯವರು ಮೂರು ಸುತ್ತು ಇಂಟರ್‌ವ್ಯೂ ಮಾಡಿ ಬೆರಳೆಣಿಕೆಯಷ್ಟು ಜನರನ್ನು ಆರಿಸುತ್ತಾರೆ, ಕಾಲೇಜಿಗೆ ಸೀಟು ಸಿಗುವುದೇ ಸುಲಭ ಇತ್ತು ಅನಿಸುತ್ತದೆ. ಸಿಗದಿದ್ದರೆ ಅದಕ್ಕೆ ಅಳುವ ಅಗತ್ಯ ಇಲ್ಲ, ಮುಂದಿನ ಸೆಮಿಸ್ಟರ್ ಮತ್ತೆ ಪ್ರಯತ್ನಿಸಬಹುದು.

ಯಾವುದೂ ಬೇಡ ಅನ್ನುವುದೂ ಒಂದು ಆಯ್ಕೆ

ಇದನ್ನು ಯಾರೂ ಆಯ್ಕೆ ಅಂತ ಲೆಕ್ಕಕ್ಕೇ ತಗೊಳ್ಳುವುದಿಲ್ಲ, ಬರೀ ಸೇರದೇ ಉಳಿದವರು ಅನ್ನುವ ಹಾಗೆ ಮಾತಾಡುತ್ತಾರೆ. ರೈಸ್, ನೋಟರ್ ಡೇಮ್‌ನಂಥ ಕಡೆ ಸೋಶಿಯಲ್ ಫ್ರಾಟರ್ನಿಟಿಗಳೇ ಇಲ್ಲ. ವಿಲಿಯಮ್ಸ್, ಬೌಡನ್ ಕಾಲೇಜುಗಳು ಇದ್ದದ್ದನ್ನು ತೆಗೆದುಹಾಕಿದವು. ಅಲ್ಲಿನ ಮಕ್ಕಳು ಸ್ನೇಹಿತರಿಲ್ಲದೆ ಒದ್ದಾಡುತ್ತಿಲ್ಲ.

ಕ್ರಿಕೆಟ್ ಕ್ಲಬ್, ಭಾಂಗ್ರಾ ತಂಡ, ರೇಸ್ ಕಾರು ಕಟ್ಟುವ ಎಂಜಿನಿಯರಿಂಗ್ ತಂಡ, ಕಾಲೇಜಿನ ಪತ್ರಿಕೆ. ಒಟ್ಟಿಗೆ ಇರುವ ಮನೆ ಬೇಕು ಅನ್ನುವವರಿಗೆ ಸ್ಟೂಡೆಂಟ್ ಕೋ-ಆಪ್ ಇದೆ. ಬರ್ಕ್ಲಿಯಲ್ಲಿ 1933ರಿಂದ ನಡೆಯುತ್ತಿದೆ, ಆನ್ ಆರ್ಬರ್‌ನಲ್ಲೂ ದೊಡ್ಡದಿದೆ. ಬಾಡಿಗೆ ಕಡಿಮೆ, ಅದಕ್ಕೆ ಬದಲಾಗಿ ವಾರಕ್ಕೆ ಕೆಲವು ಗಂಟೆ ಪಾತ್ರೆ ತೊಳೆಯುವುದು, ಅಡುಗೆ ಮಾಡುವುದು, ಬಚ್ಚಲು ತಿಕ್ಕುವುದು. ಫ್ರಾಟರ್ನಿಟಿ ಕೊಡುವ ಮನೆ, ಊಟ, ಗದ್ದಲ ಮೂರೂ ಇಲ್ಲಿವೆ. ಬಿಡ್ ಇಲ್ಲ, ಪ್ಲೆಡ್ಜ್ ಇಲ್ಲ, ಫಾರಂ ತುಂಬಿದರೆ ಆಯಿತು. ನನಗೆ ವೈಯಕ್ತಿಕವಾಗಿ ಇದು ಎಲ್ಲಕ್ಕಿಂತ ಇಷ್ಟ, ಆದರೆ ಅಲ್ಲಿನ ಅಡುಗೆಮನೆ ನೋಡಿ ಅಮ್ಮಂದಿರು ಹೌಹಾರುತ್ತಾರೆ.

ಇನ್ನು ಕನ್ನಡ ಕೂಟ. ಅಮೆರಿಕದ ಕನ್ನಡ ಕೂಟಗಳ ಒಕ್ಕೂಟ 'ಅಕ್ಕ'ದ ಸಮ್ಮೇಳನ, ರಾಜ್ಯೋತ್ಸವ, ಎಲ್ಲಾ ಸರಿ. ಹತ್ತೊಂಬತ್ತು ವರ್ಷದವರಿಗೆ ಅಲ್ಲಿ ಜೊತೆಗಾರರು ಸಿಗುವುದು ಕಷ್ಟ, ಪುಳಿಯೋಗರೆ ಸಿಗುತ್ತದೆ. ಎರಡು ತಿಂಗಳಿಗೊಮ್ಮೆ ಹೋಗಿ ಬನ್ನಿ. ಕಾಯಿಲೆ ಬಿದ್ದಾಗ ಸಾರನ್ನ ತಂದುಕೊಡುವ ಒಂದು ಮನೆ ಪರಿಚಯ ಆದರೆ ಅಷ್ಟು ಸಾಕು.

ಆ ಕೆಲವು ವಾರಗಳು

ಈಗ ಮುಖ್ಯ ವಿಷಯ. ಹೊಸಬರಿಗೆ ಹಿಂಸೆ ಕೊಡುವುದನ್ನು ಇಲ್ಲಿ ಹೇಜಿಂಗ್ ಅನ್ನುತ್ತಾರೆ. ನಮ್ಮ ಅಪ್ಪ ಅಮ್ಮಂದಿರು ಕೇಳಿದ ಕೂಡಲೇ "ಓ, ರ‍್ಯಾಗಿಂಗು" ಅಂದುಬಿಡುತ್ತಾರೆ. ಅಲ್ಲ. ರ‍್ಯಾಗಿಂಗ್‌ನಲ್ಲಿ ಹಾಸ್ಟೆಲಿಗೆ ಬಂದ ತಪ್ಪಿಗೆ ಎಲ್ಲರಿಗೂ ಆಗುತ್ತದೆ, ನಿಮ್ಮನ್ನು ಯಾರೂ ಕೇಳುವುದಿಲ್ಲ. ಇಲ್ಲಿ ಹುಡುಗ ತಾನಾಗಿ ಹೋಗುತ್ತಾನೆ, ದುಡ್ಡು ಕಟ್ಟುತ್ತಾನೆ, ಮನೆಯವರಿಂದ ಮುಚ್ಚಿಡುತ್ತಾನೆ. ಯಾವ ಕ್ಷಣದಲ್ಲಾದರೂ ಎದ್ದು ಬರಬಹುದು, ಬಾಗಿಲು ತೆರೆದೇ ಇರುತ್ತದೆ. ಆದರೂ ಬರುವುದಿಲ್ಲ, ಯಾಕೆಂದರೆ ಐದು ವಾರ ತಡೆದುಕೊಂಡಾಗಿದೆ, ಇನ್ನು ಎರಡು ವಾರ ತಾನೇ. ಜೊತೆಯವರು ಇದ್ದಾರೆ, ನಾನು ಬಿಟ್ಟರೆ ಅವರಿಗೆ ಶಿಕ್ಷೆ. ರ‍್ಯಾಗಿಂಗ್‌ಗಿಂತ ಇದು ಅಪಾಯ ಅಂತ ನನಗೆ ಅನಿಸುವುದು ಇದಕ್ಕೇ.

2017ರ ಫೆಬ್ರವರಿಯಲ್ಲಿ ಪೆನ್ ಸ್ಟೇಟ್‌ನ ಬೀಟಾ ಥೀಟಾ ಪೈ ಮನೆಯಲ್ಲಿ ಏನಾಯಿತು ಅಂತ ತಿಳಿದಿರಬೇಕು. ಬಿಡ್ ಒಪ್ಪಿದ ರಾತ್ರಿ. 19 ವರ್ಷದ ತಿಮೋತಿ ಪಿಯಾಜಾನಿಗೆ ಸ್ವಲ್ಪ ಹೊತ್ತಿನಲ್ಲಿ ಮಿತಿಮೀರಿ ಕುಡಿಸಿದರು. ಬೇಸ್‌ಮೆಂಟಿನ ಮೆಟ್ಟಿಲಿಂದ ಬಿದ್ದ. ಆಂಬ್ಯುಲೆನ್ಸ್ ಕರೆದದ್ದು ಹತ್ತಿರ ಹತ್ತಿರ ಹನ್ನೆರಡು ಗಂಟೆ ಆದ ಮೇಲೆ. ಹುಡುಗ ಉಳಿಯಲಿಲ್ಲ. ಗಮನಿಸಬೇಕಾದ್ದು, ಕಾಗದದ ಮೇಲೆ ಅದು ಮದ್ಯ ಇಲ್ಲದ ಮನೆ, ಒಳಗೆ ಕ್ಯಾಮೆರಾಗಳೂ ಇದ್ದವು. ಅವನ ಹೆಸರಿನಲ್ಲೇ ಮರುವರ್ಷ ಪೆನ್ಸಿಲ್ವೇನಿಯಾದಲ್ಲಿ ಕಾನೂನು ಬಂತು.

ಏಷ್ಯಾದವರ ಗುಂಪು ಸೌಮ್ಯ ಅಂತ ಅಂದುಕೊಳ್ಳಬೇಡಿ. 2013ರ ಡಿಸೆಂಬರಿನಲ್ಲಿ ಪೈ ಡೆಲ್ಟಾ ಸೈ ಎಂಬ ಏಷ್ಯನ್ ಅಮೆರಿಕನ್ ಫ್ರಾಟರ್ನಿಟಿಯವರು ನ್ಯೂಯಾರ್ಕಿನ ಬರೂಕ್ ಕಾಲೇಜಿನ ಹೊಸ ಹುಡುಗನೊಬ್ಬನನ್ನು ಪೆನ್ಸಿಲ್ವೇನಿಯಾಕ್ಕೆ ಕರೆದುಕೊಂಡು ಹೋಗಿ, ಕಣ್ಣು ಕಟ್ಟಿ, ಬೆನ್ನಿಗೆ ಮರಳಿನ ಚೀಲ ಹೊರಿಸಿ, ಹೆಪ್ಪುಗಟ್ಟಿದ ನೆಲದ ಮೇಲೆ ಮತ್ತೆ ಮತ್ತೆ ಕೆಡವಿದರು. ಅವನೂ ಸತ್ತ. 2018ರಲ್ಲಿ ಆ ಫ್ರಾಟರ್ನಿಟಿಯನ್ನು ಪೆನ್ಸಿಲ್ವೇನಿಯಾದಿಂದ ಹತ್ತು ವರ್ಷ ನಿಷೇಧಿಸಿದರು. ಚಿಕ್ಕ ಗುಂಪಿನಲ್ಲಿ ಬಂಧ ಗಟ್ಟಿ ಇರುತ್ತದೆ, ಒತ್ತಡವೂ ಅಷ್ಟೇ ಗಟ್ಟಿ.

ಹಾಗಾದರೆ ಹೊರಗಿನವರಿಗೆ ಗೊತ್ತಾಗುವುದು ಹೇಗೆ? ಮೊದಲಿಗಿಂತ ಈಗ ಸುಲಭ. 2024ರ ಡಿಸೆಂಬರಿನಲ್ಲಿ ಇಡೀ ದೇಶಕ್ಕೆ ಸ್ಟಾಪ್ ಕ್ಯಾಂಪಸ್ ಹೇಜಿಂಗ್ ಆಕ್ಟ್ ಬಂತು. ಯಾವ ಗುಂಪು ಹೇಜಿಂಗ್‌ನಲ್ಲಿ ತಪ್ಪಿತಸ್ಥ ಅಂತ ಸಾಬೀತಾಯಿತು ಅನ್ನುವುದನ್ನು ಕಾಲೇಜು ಹೆಸರಿನ ಸಮೇತ ತನ್ನ ವೆಬ್‌ಸೈಟಿನಲ್ಲಿ ಹಾಕಬೇಕು. ಕಾಲೇಜಿನ ಹೆಸರಿನ ಜೊತೆ ಹೇಜಿಂಗ್ ಟ್ರಾನ್ಸ್‌ಪರೆನ್ಸಿ ರಿಪೋರ್ಟ್ ಅಂತ ಹುಡುಕಿ. ಎಷ್ಟೋ ಕಾಲೇಜುಗಳು ಚಾಪ್ಟರ್‌ವಾರು ಸರಾಸರಿ ಜಿಪಿಎಯನ್ನೂ (ನಾಲ್ಕರ ಲೆಕ್ಕದಲ್ಲಿ ಕೊಡುವ ಅಂಕ) ಹಾಕುತ್ತವೆ, ಅದನ್ನೂ ನೋಡಿ. ಆದರೆ ಸಿಕ್ಕಿಬಿದ್ದವರ ಹೆಸರು ಮಾತ್ರ ಪಟ್ಟಿಯಲ್ಲಿರುತ್ತದೆ. ಅದಕ್ಕೇ ಇನ್ನೊಂದು ಕೆಲಸ ಮಾಡಿ. ಹೋದ ವರ್ಷ ಅಲ್ಲಿ ಬಿಡ್ ಒಪ್ಪಿ ಮಧ್ಯದಲ್ಲೇ ಬಿಟ್ಟವನು ಒಬ್ಬ ಇದ್ದೇ ಇರುತ್ತಾನೆ, ಅವನನ್ನು ಹುಡುಕಿ ಕಾಫಿಗೆ ಕರೆಯಿರಿ. ಸದಸ್ಯರು ಒಂದು ಗಂಟೆ ಹೇಳಿದ್ದಕ್ಕಿಂತ ಅವನ ಹತ್ತು ನಿಮಿಷ ಉಪಯೋಗಕ್ಕೆ ಬರುತ್ತದೆ. ಬೇಸರ ಆಗಿ ಬಿಟ್ಟೆ, ಟೈಮ್ ಸಾಲಲಿಲ್ಲ ಅಂದರೆ ಪರವಾಗಿಲ್ಲ. ಆ ವಿಷಯ ಬೇಡ ಬಿಡು ಅಂತ ಮಾತು ಬದಲಿಸಿದರೆ ಅಲ್ಲಿಗೆ ಹೋಗಬೇಡಿ.

ಸೇರಿದ ಮೇಲೂ ಕೆಲವು ಗುರುತು ಇವೆ. ಫೋನ್ ಕಿತ್ತುಕೊಳ್ಳುವುದು. ಇದನ್ನು ಯಾರಿಗೂ ಹೇಳಬಾರದು ಅನ್ನುವುದು. ರಾತ್ರಿ ಎರಡಕ್ಕೆ ಕರೆಸುವುದು. ಸೀನಿಯರ್‌ಗಳ ಬಟ್ಟೆ, ಊಟ, ಡ್ರೈವರ್ ಕೆಲಸ. ಒಂದು ಕಂಡರೂ ಎದ್ದು ಬನ್ನಿ. "ಅವನೇ ಒಪ್ಪಿದ್ದ" ಅನ್ನುವ ವಾದ ಎಷ್ಟೋ ರಾಜ್ಯಗಳ ಕೋರ್ಟಿನಲ್ಲಿ ನಡೆಯುವುದಿಲ್ಲ.

ದುಡ್ಡು

ಅಕ್ಕನ ಮಗನ ಮೊದಲ ಸೆಮಿಸ್ಟರಿನ ಲೆಕ್ಕದ ಹಾಳೆ ನನ್ನ ಹತ್ತಿರ ಬಂದಿತ್ತು, ದುಡ್ಡು ಕಟ್ಟಲು ಸಹಾಯ ಕೇಳಿದ್ದನಲ್ಲ. ಹೊಸ ಸದಸ್ಯರ ಶುಲ್ಕ, ರಾಷ್ಟ್ರೀಯ ಕಚೇರಿಗೆ ಹೋಗುವ ಪಾಲು, ಚಾಪ್ಟರ್ ಡ್ಯೂಸ್, ಇನ್ಶೂರೆನ್ಸ್, ಪಿನ್, ಜಾಕೆಟ್. ಅದು ಅಷ್ಟೇನೂ ಭಾರ ಅನಿಸಲಿಲ್ಲ. ಹಾಳೆಯಲ್ಲಿ ಇಲ್ಲದೇ ಇದ್ದದ್ದು ಆಮೇಲೆ ಬಂತು: ಫಾರ್ಮಲ್ ಪಾರ್ಟಿಗೆ ಸೂಟು ಮತ್ತು ಹೋಟೆಲ್, ಬೇರೆ ಊರಿನ ಚಾಪ್ಟರ್‌ಗೆ ಹೋಗಿಬರುವ ಪೆಟ್ರೋಲು, ಪ್ರತಿ ಕಾರ್ಯಕ್ರಮಕ್ಕೂ ಒಂದು ಹೊಸ ಟೀಶರ್ಟು, ಮುಂದಿನ ವರ್ಷ ಅವನ ಕೈಕೆಳಗೆ ಬಂದ ಲಿಟಲ್‌ಗೆ ಗಿಫ್ಟು. ಆ ಟೀಶರ್ಟುಗಳು ಅಕ್ಕನ ಮನೆಯಲ್ಲಿ ಈಗ ಒಂದು ಕಪಾಟು ತುಂಬಿವೆ, ಬಿಸಾಡಲು ಬಿಡುವುದಿಲ್ಲ.

ಅಂದಾಜು ಹೇಳುವುದಾದರೆ ಮನೆ ಇಲ್ಲದ ಗುಂಪುಗಳಿಗೆ ಸೆಮಿಸ್ಟರಿಗೆ ಕೆಲವು ನೂರು ಡಾಲರ್, ದೊಡ್ಡ ಮನೆಯವರಿಗೆ ಸಾವಿರದ ಲೆಕ್ಕ, ಊಟ ಬಾಡಿಗೆ ಬೇರೆ. ಎಜುಕೇಷನ್ ಲೋನ್ ಮೇಲೆ ಬಂದವರು ಅದನ್ನು ರೂಪಾಯಿಗೆ ಬದಲಿಸಿ, ಬಡ್ಡಿ ಸೇರಿಸಿ ನೋಡಿ. ಎಫ್-1 ಅನ್ನುವ ವಿದ್ಯಾರ್ಥಿ ವೀಸಾದಲ್ಲಿ ಕ್ಲಾಸು ನಡೆಯುವಾಗ ವಾರಕ್ಕೆ 20 ಗಂಟೆ, ಅದೂ ಕ್ಯಾಂಪಸ್ ಒಳಗೆ ಮಾತ್ರ ದುಡಿಯಬಹುದು. ಆ ಸಂಪಾದನೆಯಲ್ಲಿ ದೊಡ್ಡ ಮನೆಯ ಡ್ಯೂಸ್ ಕಟ್ಟುವುದು ಕಷ್ಟದ ಮಾತು.

ವೀಸಾದವರಿಗೆ ಲೆಕ್ಕವೇ ಬೇರೆ

ಇಲ್ಲೇ ಹುಟ್ಟಿದ ಹುಡುಗನಿಗೂ ಎಫ್-1 ಹುಡುಗನಿಗೂ ಒಂದೇ ಪಾರ್ಟಿ, ಒಂದೇ ಪೊಲೀಸ್ ದಾಳಿ. ಪರಿಣಾಮ ಮಾತ್ರ ಒಂದೇ ಅಲ್ಲ. ಇಲ್ಲಿಯವನಿಗೆ ದಂಡ, ಸಮುದಾಯ ಸೇವೆ, ಅಪ್ಪನ ಬೈಗುಳ. ಕುಡಿದು ಗಾಡಿ ಓಡಿಸಿ ಅರೆಸ್ಟ್ ಆದರೆ ತಪ್ಪು ಸಾಬೀತಾಗುವ ಮೊದಲೇ ನಿಮ್ಮ ವೀಸಾ ರದ್ದು ಮಾಡುವ ಅಧಿಕಾರ ಅಮೆರಿಕ ಸರ್ಕಾರಕ್ಕಿದೆ. ಮುಂದೆ ಪ್ರತಿ ಸಲ ವೀಸಾ ಫಾರಂ ತುಂಬುವಾಗ "ಎಂದಾದರೂ ಅರೆಸ್ಟ್ ಆಗಿದ್ದೀರಾ" ಅನ್ನುವ ಪ್ರಶ್ನೆಗೆ ಹೌದು ಅನ್ನಬೇಕು. ಗಾಂಜಾ ಆ ರಾಜ್ಯದಲ್ಲಿ ಕಾನೂನುಬದ್ಧ ಆದರೂ ಕೇಂದ್ರ ಸರ್ಕಾರದ ಕಾನೂನಿನಲ್ಲಿ ಅಲ್ಲ, ವೀಸಾ ಕೇಂದ್ರದ ಕೈಯಲ್ಲಿದೆ. ಇನ್ನೊಂದು, ಚಾಪ್ಟರ್ ಪ್ರೆಸಿಡೆಂಟ್ ಆಗುವುದು ರೆಸ್ಯೂಮೆಗೆ ಚೆಂದ. ಕೇಸು ಬಿದ್ದಾಗ ಮೊದಲು ಹುಡುಕುವುದೂ ಅವನನ್ನೇ. ಪದಾಧಿಕಾರ ಬೇಕಾದರೆ ಫಿಲಾಂತ್ರಪಿಯೋ ಸ್ಕಾಲರ್‌ಶಿಪ್ಪೋ ನೋಡಿಕೊಳ್ಳಿ.

ಕೆಲಸದ ಮಾತು. 2018ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ, ಫ್ರಾಟರ್ನಿಟಿ ಸೇರಿದವರ ಜಿಪಿಎ ಸುಮಾರು 0.25 ಕಡಿಮೆಯಾಗಿ, ಮುಂದಿನ ಸಂಪಾದನೆ ಸುಮಾರು 36 ಶೇಕಡಾ ಜಾಸ್ತಿಯಾಗಿ ಕಂಡಿತು. ಹುಡುಗರು ಎರಡನೇ ಅಂಕಿ ಮಾತ್ರ ಅಪ್ಪನಿಗೆ ಹೇಳುತ್ತಾರೆ. ಅದು ಒಂದೇ ಕಾಲೇಜಿನ ಹಳೇ ವಿದ್ಯಾರ್ಥಿಗಳ ಲೆಕ್ಕ. ಹಳೇ ಬ್ರದರ್ ಒಬ್ಬ ನಿಮ್ಮ ರೆಸ್ಯೂಮೆಯನ್ನು ಮ್ಯಾನೇಜರ್ ಮೇಜಿಗೆ ತಲುಪಿಸಬಹುದು, ನಿಜ. ಆದರೆ ಒಪಿಟಿ (ಓದಿದ ಮೇಲೆ ಸ್ವಲ್ಪ ಕಾಲ ದುಡಿಯಲು ಸಿಗುವ ಅನುಮತಿ) ಮುಗಿದ ಮೇಲೆ ಎಚ್-1ಬಿ ಕೆಲಸದ ವೀಸಾದ ಲಾಟರಿಯಲ್ಲಿ ಹೆಸರು ಬರುವುದು ಯಾವ ಬ್ರದರ್ ಕೈಯಲ್ಲೂ ಇಲ್ಲ. ಇಂಟರ್‌ವ್ಯೂಗೆ ಕರೆಯಲು ಜಿಪಿಎ ಇಷ್ಟಿರಲೇಬೇಕು ಅನ್ನುವ ಕಂಪನಿಗಳಿವೆ, ಆ 0.25 ಅಲ್ಲಿ ನೋವು ಕೊಡುತ್ತದೆ.

ಹುಡುಗಿಯರಿಗೆ ಒಂದೆರಡು ಮಾತು

ಸೊರಾರಿಟಿಗಳಲ್ಲಿ, ಅಂದರೆ ಹುಡುಗಿಯರ ಫ್ರಾಟರ್ನಿಟಿಗಳಲ್ಲಿ, ಇಪ್ಪತ್ತಕ್ಕೂ ಹೆಚ್ಚು ಹಳೇ ಸಂಸ್ಥೆಗಳು ಸೇರಿದ ಎನ್‌ಪಿಸಿ ಅಂತ ಒಂದು ಕೂಟ ಇದೆ. ಅವರ ಮನೆಗಳಲ್ಲಿ ಸಾಮಾನ್ಯವಾಗಿ ಮದ್ಯ ಇಡುವ ಹಾಗಿಲ್ಲ, ಅದೊಂದು ಸಮಾಧಾನ. ಆದರೆ ರಷ್ ಬಹಳ ಕಟ್ಟುನಿಟ್ಟು, ಕೆಲವು ಕಡೆ ದಿನಕ್ಕೊಂದು ಸುತ್ತು, ಸುತ್ತಿಗೊಂದು ಡ್ರೆಸ್. ಅಲಬಾಮಾ ವಿಶ್ವವಿದ್ಯಾಲಯದ ರಷ್ 2021ರಲ್ಲಿ ಟಿಕ್‌ಟಾಕ್‌ನಲ್ಲಿ ಇಡೀ ದೇಶವೇ ನೋಡುವ ಹಾಗೆ ಓಡಿತು. ಅದನ್ನು ನೋಡಿ ಹೆದರಬೇಡಿ, ಎಲ್ಲಾ ಕಡೆ ಹಾಗಿಲ್ಲ. ಹೆದರಬೇಕಾದ್ದು ಕೊನೆಯ ದಿನದ ಸಹಿಗೆ. ನಿಮಗಿಷ್ಟವಾದ ಸೊರಾರಿಟಿಗಳ ಪಟ್ಟಿ ಕೊಟ್ಟು ಸಹಿ ಹಾಕಿದ ಮೇಲೆ, ಪಟ್ಟಿಯಲ್ಲಿದ್ದ ಒಂದರಿಂದ ಬಿಡ್ ಬಂದು ನೀವು ಬೇಡ ಅಂದರೆ, ಸುಮಾರು ಒಂದು ವರ್ಷ ಆ ಕ್ಯಾಂಪಸ್ಸಿನ ಬೇರೆ ಎನ್‌ಪಿಸಿ ಸೊರಾರಿಟಿಗೆ ಸೇರುವಂತಿಲ್ಲ. ಇನಿಷಿಯೇಷನ್ ಆದ ಮೇಲಂತೂ ಇನ್ನೊಂದಕ್ಕೆ ಹೋಗುವ ದಾರಿಯೇ ಇಲ್ಲ. ಹಾಗಾಗಿ ಮನಸ್ಸಿಲ್ಲದ ಹೆಸರನ್ನು ಸುಮ್ನೆ ಇರಲಿ ಅಂತ ಪಟ್ಟಿಗೆ ಸೇರಿಸಬೇಡಿ.

ಹಾಗಾದರೆ ಯಾರು ಏನು ಮಾಡಬೇಕು

ಭಾರತದಿಂದ ನೇರ ಬಂದವರು ಮೊದಲ ಸೆಮಿಸ್ಟರಿನಲ್ಲಿ ಯಾವುದಕ್ಕೂ ಸೇರಬೇಡಿ. ಕೆಲವು ಕಾಲೇಜುಗಳು ಮೊದಲ ಸೆಮಿಸ್ಟರಿನಲ್ಲಿ ಸೇರಲು ಬಿಡುವುದೇ ಇಲ್ಲ, ಒಳ್ಳೆಯದೇ. ರಷ್ ಊಟಗಳಿಗೆ ಹೋಗಿ ಬನ್ನಿ, ತಿನ್ನುವುದಕ್ಕೆ ದುಡ್ಡು ಕೊಡಬೇಕಿಲ್ಲ. ಎರಡನೇ ಸೆಮಿಸ್ಟರಾದ ಸ್ಪ್ರಿಂಗ್‌ನಲ್ಲೂ ರಷ್ ಇರುತ್ತದೆ. ಅಷ್ಟರಲ್ಲಿ ಯಾವ ಗುಂಪಿನವರು ಮಂಗಳವಾರ ರಾತ್ರಿ ಲೈಬ್ರರಿಯಲ್ಲಿ ಕಾಣುತ್ತಾರೆ, ಯಾರು ಶುಕ್ರವಾರ ಮಾತ್ರ ಕಾಣುತ್ತಾರೆ ಅಂತ ನಿಮಗೇ ಗೊತ್ತಾಗಿರುತ್ತದೆ. ಆಮೇಲೂ ಬೇಕು ಅನಿಸಿದರೆ ಪ್ರೊಫೆಷನಲ್ ಅಥವಾ ಸರ್ವಿಸ್ ಫ್ರಾಟರ್ನಿಟಿ.

ಇಲ್ಲೇ ಬೆಳೆದವರು, ಹತ್ತಿರದಲ್ಲಿ ಮನೆ ಇರುವವರು, ತನ್ನಂಥವರ ಜೊತೆ ಇರುವ ಆಸೆ ಇರುವವರು ದಕ್ಷಿಣ ಏಷ್ಯಾದ ಗುಂಪು ನೋಡಬಹುದು, ಆದರೆ ಆ ಬಿಟ್ಟುಹೋದವನನ್ನು ಹುಡುಕಿ ಮಾತಾಡಿದ ಮೇಲೆ. ಬಾಸ್ಟನ್, ನ್ಯೂಯಾರ್ಕ್‌ನಂಥ ಊರಿನಲ್ಲಿ ಓದುವವರಿಗೆ ದೊಡ್ಡ ಮನೆಯ ಅಗತ್ಯವೇ ನನಗೆ ಕಾಣುವುದಿಲ್ಲ, ಊರೇ ಇದೆ. ಸುತ್ತ ಜೋಳದ ಹೊಲ ಇರುವ ಕಾಲೇಜಿನಲ್ಲಿ, ವಾರಾಂತ್ಯದ ಬದುಕೆಲ್ಲ ಆ ಬೀದಿಯಲ್ಲೇ ನಡೆಯುವಾಗ, ಮಾತು ಬೇರೆ. ಅಲ್ಲಿ ಹೇಜಿಂಗ್ ಪಟ್ಟಿಯಲ್ಲಿ ಹೆಸರಿಲ್ಲದ, ಕುಡಿಯದ ನಾಲ್ಕು ಜನ ಆರಾಮಾಗಿ ಇರುವ ಒಂದು ಮನೆ ಸಿಕ್ಕರೆ ಸೇರಿ, ನಾನು ಬೇಡ ಅನ್ನುವುದಿಲ್ಲ.

ಬಿಡ್ ಕಾರ್ಡು ಕೈಗೆ ಬಂದಾಗ ಸುತ್ತ ನಿಂತು ಎಲ್ಲರೂ ಹೋ ಅಂತ ಕೂಗುತ್ತಿರುತ್ತಾರೆ, ಆಗ ಸಹಿ ಹಾಕಬೇಡಿ. ನಾಳೆ ಹೇಳುತ್ತೇನೆ ಅನ್ನಿ. ಸೆಮಿಸ್ಟರಿನ ಪೂರ್ತಿ ಖರ್ಚಿನ ಹಾಳೆ, ಮನೆಯಲ್ಲಿ ಇರಲೇಬೇಕು ಅನ್ನುವ ನಿಯಮ ಇದ್ದರೆ ಆ ಬಾಡಿಗೆ ಕರಾರು, ಹೊಸ ಸದಸ್ಯರ ವಾರವಾರದ ವೇಳಾಪಟ್ಟಿ, ಈ ಮೂರನ್ನೂ ಬರವಣಿಗೆಯಲ್ಲಿ ಕೇಳಿ. ವೇಳಾಪಟ್ಟಿಯನ್ನು ಮಿಡ್‌ಟರ್ಮ್ ತಾರೀಖುಗಳ ಪಕ್ಕ ಇಟ್ಟು ನೋಡಿ. ಎಲ್ಲವೂ ಅವರ ಕಂಪ್ಯೂಟರಿನಲ್ಲೇ ಇರುತ್ತದೆ, ಕಳಿಸಲು ಹತ್ತು ನಿಮಿಷ ಸಾಕು.